ರಗತ ಒಂದ ಅಲ್ಲೇನ್ರೀ?



ಕೆಲವು ವರ್ಷಗಳ ಹಿಂದಿನ ಒಂದು ಆಷಾಢದ ದಿನ. ಬೆಳಗಾವಿಯಲ್ಲಿ ಬೆಳಗಿನಿಂದ ಜಡಿಮಳೆ. ಲೋಂಡಾದ ಆಚೆಯ ಹಳ್ಳಿಯ ಒಬ್ಬ ತಂದೆ ಏಳೆಂಟು ವರ್ಷದ ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಿದ್ದ. ಮಗುವಿಗೆ ಆರು ದಿನದಿಂದ ಜ್ವರ. ನಾನಾಗ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂಡುತ್ತಿದ್ದೆ. ಆತ ಪ್ಲಾಸ್ಟಿಕ್ ಚೀಲದಿಂದ ಎರಡು ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟ. ಒಂದು ಹಿಂದಿನ ದಿನದ್ದು, ತಾಲೂಕಿನ ಊರಿನಲ್ಲಿ ಮಾಡಿಸಿದ್ದು. ಅದರಲ್ಲಿ 'ಎಟಿಪಿಕಲ್ ಸೆಲ್ 12' ಎಂದಿತ್ತು. ಇನ್ನೊಂದು ಆ ದಿನ ಬೆಳಗ್ಗೆ ನಗರದಲ್ಲಿ ಮಾಡಿಸಿದ್ದು. ಅದರಲ್ಲಿ 'ರಿಯಾಕ್ಟಿವ್ ಲಿಂಫೋಸೈಟ್ 9' ಎಂದಿತ್ತು. ರಾತ್ರಿ ಊರಿನ ಹುಡುಗರು ಮೊದಲನೆಯ ರಿಪೋರ್ಟಿನ ಶಬ್ದವನ್ನು ಮೊಬೈಲಿನಲ್ಲಿ ಹುಡುಕಿ, ಇದು ದೊಡ್ಡ ರೋಗವೇ ಇರಬೇಕು ಎಂದು ಹೇಳಿಬಿಟ್ಟಿದ್ದರು. ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ.

"ಸಾಹೇಬ್ರ, ಅಲ್ಲಿ ಒಂದ ಬರದಾರ, ಇಲ್ಲಿ ಒಂದ ಬರದಾರ," ಅಂದ. "ಕೂಸಿನ ರಗತ ಒಂದ ಅಲ್ಲೇನ್ರೀ?"

ಎರಡೂ ಲ್ಯಾಬಿನವರು ನೋಡಿದ್ದು ಒಂದೇ ಬಗೆಯ ಕಣ. ನಾನೂ ನೋಡಿದೆ. ದೊಡ್ಡ ಲಿಂಫೋಸೈಟು, ಅಂಚಿಗೆ ನೀಲಿ ಸೆರಗು. ಪಕ್ಕದ ಕೆಂಪು ಕಣಗಳಿಗೆ ಒತ್ತಿಕೊಂಡು ಅವುಗಳ ಆಕಾರಕ್ಕೇ ಬಾಗಿ ಕೂತಿತ್ತು. ವೈರಸ್ ಜ್ವರದಲ್ಲಿ ದಿನಾ ಕಾಣುವ ಚಿತ್ರವದು. ದೇಹ ಶತ್ರುವಿನ ಎದುರು ನಿಂತಿದೆ ಎಂದು ಹೇಳುವ ಕಣ. ವಾರದೊಳಗೆ ಹುಡುಗಿ ಆಟಕ್ಕೆ ಹೋದಳು. ಆದರೆ ಒಂದು ಶಬ್ದ ಒಂದು ಮನೆಯನ್ನು ಒಂದು ರಾತ್ರಿ ಉಪವಾಸ ಕೆಡವಿತ್ತು. ಆ ಶಬ್ದ ಬರೆದವರನ್ನು ನಾನು ಬೈಯಲಾರೆ. ಅದಕ್ಕೂ ಹತ್ತು ವರ್ಷ ಮೊದಲಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ನಮಗೆ ಕಲಿಸಿದ್ದೇ ಹಾಗೆ.

ಇವತ್ತಿನ ನನ್ನ ಮಾತು ಇಷ್ಟೇ: ರಕ್ತದ ಕಣಗಳನ್ನು ಗುರುತಿಸಿ ಹೆಸರಿಡುವ ಕೆಲಸಕ್ಕೆ ಎಲ್ಲರೂ ಒಪ್ಪಿದ ಒಂದು ಕಟ್ಟಳೆ ಯಾಕೆ ಬೇಕು, ಜಗತ್ತು ಅದನ್ನು ಎಷ್ಟರ ಮಟ್ಟಿಗೆ ಕಟ್ಟಿದೆ, ನಮ್ಮ ಬೆಳಗಾವಿ ಖಾನಾಪುರದ ಕಡೆ ಅದು ಎಲ್ಲಿಗೆ ಮುಟ್ಟಿದೆ.

ಬೆಳಗಾವಿಯವರಿಗೆ ಹೆಸರಿನ ಮಹತ್ವ ಬೇರೆ ಹೇಳಬೇಕಾಗಿಲ್ಲ. ನಮ್ಮ ಊರನ್ನು ಬೆಳಗಾಂ ಎಂದವರಿದ್ದಾರೆ, ಬೆಳಗಾವ್ ಎಂದವರಿದ್ದಾರೆ, ಹಳಬರು ವೇಣುಗ್ರಾಮ ಎಂದರು. 2014ರ ನವೆಂಬರ್ 1ರಂದು ಸರಕಾರಿ ಕಾಗದದಲ್ಲಿ ಬೆಳಗಾವಿ ಎಂದು ನಿಂತಿತು. ಊರಿನ ಹೆಸರು ನಾಲ್ಕು ಬಗೆಯಾಗಿದ್ದರೂ ಬಸ್ಸು ದಾರಿ ತಪ್ಪುವುದಿಲ್ಲ, ಡ್ರೈವರನಿಗೆ ರಸ್ತೆ ಗೊತ್ತು. ರಕ್ತದ ಕಣದ ಹೆಸರು ನಾಲ್ಕು ಬಗೆಯಾದರೆ ಮಾತ್ರ ಔಷಧಿ ದಾರಿ ತಪ್ಪಬಹುದು. ಸ್ಲೈಡನ್ನು ನೋಡಿದವರು ಒಬ್ಬರು, ಔಷಧಿ ಬರೆಯುವವರು ಇನ್ನೊಬ್ಬರು. ಅವರಿಬ್ಬರ ನಡುವೆ ಇರುವುದು ಆ ಹೆಸರೊಂದೇ.

ಮೊದಲು ಒಂದು ಹನಿ ರಕ್ತದಲ್ಲಿ ಏನಿರುತ್ತದೆ ನೋಡೋಣ. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಘನ ಮಿಲಿಮೀಟರು ರಕ್ತ ಎಂದುಕೊಳ್ಳಿ. ಅದರಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳು. ಬಿಳಿ ಕಣಗಳು 4 ಸಾವಿರದಿಂದ 11 ಸಾವಿರ. ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಕೆಂಪು ಕಣ ಉಸಿರು ಹೊರುತ್ತದೆ, ಬಿಳಿ ಕಣ ಕಾವಲು ಕಾಯುತ್ತದೆ, ಪ್ಲೇಟ್‌ಲೆಟ್ ಸೋರುವ ಕಡೆ ಬೆಣೆ ಹಾಕುತ್ತದೆ. ಬಿಳಿ ಕಣಗಳಲ್ಲಿ ಮತ್ತೆ ಐದು ಮನೆತನ: ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್. ನಿಮ್ಮ ಹಳೆಯ ರಿಪೋರ್ಟುಗಳಲ್ಲಿ 'ಪಾಲಿ 62, ಲಿಂಫೋ 30, ಇಯೋಸಿನೋ 6, ಮೋನೋ 2, ಬೇಸೋ 0' ಎಂದು ಒಂದು ಸಾಲು ಇರುತ್ತದಲ್ಲ, ಅದು ಈ ಐದು ಮನೆತನದ ಜನಗಣತಿ. ಲ್ಯಾಬಿನ ಭಾಷೆಯಲ್ಲಿ ಡಿ.ಸಿ., ಅಂದರೆ ಡಿಫರೆನ್ಶಿಯಲ್ ಕೌಂಟ್.

ಈ ಕಣಗಳಿಗೆ ಸ್ವಂತ ಬಣ್ಣ ಇಲ್ಲದಿದ್ದಂತೆಯೇ. ಬಿಳಿ ಕಣ ನೋಡಲಿಕ್ಕೆ ನೀರಿನ ಹನಿಯ ಹಾಗೆ. ಬಣ್ಣ ಹಾಕಿದರೆ ಮಾತ್ರ ಅದರ ಕುಲಗೋತ್ರ ಹೊರಬೀಳುತ್ತದೆ. ಆ ಬಾಗಿಲು ತೆರೆದವನು ಜರ್ಮನಿಯ ಪಾಲ್ ಏರ್ಲಿಶ್. 1879ರ ಆಸುಪಾಸಿನಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಬಟ್ಟೆಗೆ ಹಾಕುವಂಥ ಬಣ್ಣಗಳನ್ನು ಆತ ರಕ್ತದ ಮೇಲೆ ಸುರಿದು ನೋಡಿದ. ಕೆಲವು ಕಣಗಳ ಒಳಗಿನ ಕಾಳುಗಳು ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಕುಡಿದವು. ಅವಕ್ಕೆ ಇಯೋಸಿನ್ ಪ್ರಿಯ ಎಂದು ಹೆಸರಾಯಿತು, ಇಯೋಸಿನೋಫಿಲ್. ಕ್ಷಾರ ಗುಣದ ನೀಲಿಯನ್ನು ಕುಡಿದದ್ದು ಬೇಸೋಫಿಲ್. ಎರಡರ ನಡುವಿನ ಮಿಶ್ರಣಕ್ಕೆ ಒಲಿದದ್ದು ನ್ಯೂಟ್ರೋಫಿಲ್. ಇದರಲ್ಲಿ ಒಂದು ವಿಷಯ ಗಮನಿಸಿ. ಈ ಹೆಸರುಗಳು ಕಣ ಮಾಡುವ ಕೆಲಸದಿಂದ ಬಂದವಲ್ಲ, ಅದು ಕುಡಿದ ಬಣ್ಣದಿಂದ ಬಂದವು. ಬಣ್ಣ ಕೆಟ್ಟರೆ ಹೆಸರೂ ಕೆಟ್ಟ ಹಾಗೆ.

ನಮ್ಮ ದೇಶದ ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲೀಶ್‌ಮನ್ ಬಣ್ಣ. ವಿಲಿಯಂ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ಸೇನಾ ವೈದ್ಯ 1890ರಿಂದ 1897ರವರೆಗೆ ಭಾರತದಲ್ಲಿದ್ದ. ಊರಿಗೆ ಮರಳಿದ ಮೇಲೆ 1901ರಲ್ಲಿ ಈ ಬಣ್ಣ ಕೊಟ್ಟ. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಸುರಿದು ಎರಡು ನಿಮಿಷ ಬಿಡುವುದು. ಆಮೇಲೆ ಅದರ ಎರಡರಷ್ಟು ಬಫರ್ ನೀರು ಹಾಕಿ ಏಳರಿಂದ ಹತ್ತು ನಿಮಿಷ. ಆ ನೀರಿನ ಪಿ.ಎಚ್. 6.8 ಇರಬೇಕು. ನಲ್ಲಿಯ ನೀರು ರಕ್ಕಸಕೊಪ್ಪದ್ದೇ ಇರಲಿ, ಹಿಡಕಲ್ಲಿನದೇ ಇರಲಿ, ಹಿತ್ತಲಿನ ಬೋರಿನದೇ ಇರಲಿ, ಲೀಶ್‌ಮನ್ ಕೇಳುವುದು 6.8. ನೀರು ಕ್ಷಾರದ ಕಡೆ ವಾಲಿದರೆ ಸ್ಲೈಡೆಲ್ಲ ನೀಲಿ, ಇಯೋಸಿನೋಫಿಲ್‌ನ ಕಿತ್ತಳೆ ಕಾಳು ಮಾಸಿ ಅದನ್ನು ನ್ಯೂಟ್ರೋಫಿಲ್ ಎಂದುಕೊಳ್ಳಬಹುದು. ಹುಳಿಯ ಕಡೆ ವಾಲಿದರೆ ಎಲ್ಲವೂ ಗುಲಾಬಿ, ಕಣದ ನಡುವಿನ ಬೀಜ ಸಪ್ಪೆ.

ಇನ್ನು ಖಾನಾಪುರದ ಮಳೆ. ಕಣಕುಂಬಿ, ಜಾಂಬೋಟಿ, ಭೀಮಗಡದ ಕಾಡಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ. ಆ ತೇವದಲ್ಲಿ ಸ್ಲೈಡು ಬೇಗ ಒಣಗುವುದಿಲ್ಲ. ಬಣ್ಣದ ಸೀಸೆಯ ಮುಚ್ಚಳ ಸಡಿಲವಿದ್ದರೆ ಅದರೊಳಗಿನ ಮಿಥನಾಲ್ ಗಾಳಿಯ ನೀರನ್ನು ಹೀರುತ್ತದೆ. ಆಗ ಕೆಂಪು ಕಣಗಳ ನಡುವೆ ತೂತು ಕೊರೆದ ಹಾಗೆ ಹೊಳೆಯುವ ಗುರುತುಗಳು ಏಳುತ್ತವೆ. ಹೊಸಬರು ಅದನ್ನು ಕಣದ ರೋಗವೆಂದು ಬರೆದದ್ದನ್ನು ಕಂಡಿದ್ದೇನೆ. ಹಾಗೆಯೇ, ಬೆಳಗ್ಗೆ ಹಳ್ಳಿಯಲ್ಲಿ ತೆಗೆದ ರಕ್ತ ಬಸ್ಸು ಬದಲಿಸುತ್ತ ಸಂಜೆಗೆ ಬೆಳಗಾವಿ ಮುಟ್ಟಿತೆನ್ನಿ. ಅಷ್ಟರಲ್ಲಿ ಕೆಂಪು ಕಣಗಳ ಅಂಚಿಗೆ ಮುಳ್ಳು ಏಳುತ್ತವೆ, ಬಿಳಿ ಕಣಗಳು ಬಾಡುತ್ತವೆ. ಅದು ಕಾಯಿಲೆಯ ಮುಳ್ಳಲ್ಲ, ಪ್ರಯಾಣದ ಮುಳ್ಳು. ಅದಕ್ಕೇ ನಾಲ್ಕು ತಾಸಿನೊಳಗೆ ಸ್ಲೈಡು ಎಳೆದುಬಿಡಬೇಕು ಎಂಬ ಕಟ್ಟಳೆ ಇರುವುದು. ರಕ್ತದ ನಳಿಕೆ ನಿಧಾನವಾಗಿ ಬರಲಿ, ಒಣಗಿಸಿದ ಸ್ಲೈಡು ಊರಲ್ಲೇ ಆಗಿರಲಿ. ಕಣದ ಹೆಸರು ಒಂದಾಗಬೇಕಾದರೆ ಮೊದಲು ನೀರು, ಗಾಳಿ, ಹೊತ್ತು ಒಂದಾಗಬೇಕು.

ಈಗ ಹೆಸರಿನ ಗೋಜಲಿಗೆ ಬರೋಣ. ನ್ಯೂಟ್ರೋಫಿಲ್ ಒಂದನ್ನೇ ತಗೊಳ್ಳಿ. ಹಳೆಯ ಡಾಕ್ಟರು ಅದನ್ನು ಪಾಲಿ ಎನ್ನುತ್ತಾರೆ, ಪುಸ್ತಕ ಪಾಲಿಮಾರ್ಫ್ ಎನ್ನುತ್ತದೆ, ಇನ್ನೊಂದು ಪುಸ್ತಕ ಗ್ರ್ಯಾನ್ಯುಲೋಸೈಟ್ ಎನ್ನುತ್ತದೆ, ಅಮೆರಿಕದಲ್ಲಿ ಓದಿ ಬಂದವರು ಸೆಗ್ ಎನ್ನುತ್ತಾರೆ. ಮೂಳೆಯ ಮಜ್ಜೆಯೊಳಗೆ ಬೆಳೆಯುತ್ತಿರುವ ಎಳೆಯ ಕಣಗಳಿಗಂತೂ ದೇಶಕ್ಕೊಂದು, ಗುರುವಿಗೊಂದು ಹೆಸರು. ಈ ಗದ್ದಲ ತಡೆಯಲಾರದೆ ಅಮೆರಿಕದ ಕ್ಲಿನಿಕಲ್ ಪೆಥಾಲಜಿಸ್ಟರ ಸಂಘ ಮತ್ತು ಅಲ್ಲಿನ ವೈದ್ಯಕೀಯ ಸಂಘ ಕೂಡಿ ಒಂದು ಸಮಿತಿ ಮಾಡಿದವು. 1948ರಲ್ಲಿ ಅದರ ಮೊದಲ ವರದಿ ಬಂತು. ಎಳೆಯ ಕಣದಿಂದ ಬಲಿತ ಕಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರು ಹಾಕಿದರು. ಮೈಯೆಲೋಬ್ಲಾಸ್ಟ್, ಮೈಯೆಲೋಸೈಟ್, ಮೆಟಾಮೈಯೆಲೋಸೈಟ್, ಬ್ಯಾಂಡ್ ಎನ್ನುವ ಬಿಳಿ ಕಣದ ಸರಣಿ ಗಟ್ಟಿಯಾಗಿ ನಿಂತಿತು, ಇಂದಿಗೂ ಅದನ್ನೇ ಹೇಳುತ್ತೇವೆ. ಕೆಂಪು ಕಣದ ಎಳೆಯ ರೂಪಗಳಿಗೆ ರೂಬ್ರಿಬ್ಲಾಸ್ಟ್, ರೂಬ್ರಿಸೈಟ್ ಎಂದು ಹೊಸ ಹೆಸರು ಕೊಟ್ಟರು. ಅವು ಮನುಷ್ಯರ ವೈದ್ಯದಲ್ಲಿ ಅಷ್ಟಾಗಿ ಓಡಲಿಲ್ಲ. ನಾರ್ಮೋಬ್ಲಾಸ್ಟ್ ಎಂಬ ಹಳೆಯ ಹೆಸರೇ ಗೆದ್ದಿತು. ತಮಾಷೆ ನೋಡಿ, ರೂಬ್ರಿಸೈಟ್ ಹೋಗಿ ಪಶುವೈದ್ಯರ ಹತ್ತಿರ ಉಳಿಯಿತು. ನಾಯಿ, ಬೆಕ್ಕಿನ ರಕ್ತ ನೋಡುವವರು ಈಗಲೂ ಅದನ್ನು ಬಳಸುತ್ತಾರೆ.

ಸಮಿತಿ ಹೆಸರನ್ನು ಬರೆಯಬಹುದು, ಬಾಯಿಗೆ ಕೂರಿಸಲಾರದು. ಬಳಸುವವರ ನಾಲಿಗೆಗೆ ಒಗ್ಗದ ಹೆಸರು, ಎಷ್ಟು ಚೊಕ್ಕವಾಗಿದ್ದರೂ, ಕಪಾಟಿನಲ್ಲೇ ಉಳಿಯುತ್ತದೆ.

ಹೆಸರಿನ ಹಾಗೆ ಅಳತೆಗೂ ಇದೇ ಪಾಡಿತ್ತು. ನಮ್ಮ ಹಿರಿಯರಿಗೆ ನೆನಪಿರಬಹುದು, ಮೊದಲು ಊರಿಗೊಂದು ಸೇರು ಇತ್ತು. ಒಂದು ಸಂತೆಯ ಸೇರು ಇನ್ನೊಂದು ಸಂತೆಯಲ್ಲಿ ನಡೆಯುತ್ತಿರಲಿಲ್ಲ. 1956ರ ತೂಕ ಅಳತೆಯ ಕಾಯ್ದೆ ಬಂದು, 1958ರಿಂದ ಮೆಟ್ರಿಕ್ ಕಲ್ಲುಗಳು ಅಂಗಡಿಗೆ ಬಂದ ಮೇಲೆ ಜಗಳ ತಗ್ಗಿತು. ಹಿಮೋಗ್ಲೋಬಿನ್ನಿನಲ್ಲೂ ಹಾಗೆಯೇ ಇತ್ತು. ಆಗ ಅದನ್ನು ಗ್ರಾಂನಲ್ಲಿ ಹೇಳದೆ 'ನೂರಕ್ಕೆ 80' ಎಂದು ಹೇಳುತ್ತಿದ್ದರು. ಆದರೆ ನೂರು ಎಂದರೆ ಎಷ್ಟು? ಒಂದು ಉಪಕರಣದ ನೂರು 14 ಗ್ರಾಂ ಆಸುಪಾಸು, ಇನ್ನೊಂದರ ನೂರು 17 ಗ್ರಾಂ ದಾಟುತ್ತಿತ್ತು. ಒಬ್ಬಳೇ ಬಸುರಿ ಹೆಂಗಸು ಒಂದು ದವಾಖಾನೆಯಲ್ಲಿ ಗಟ್ಟಿಮುಟ್ಟು, ಇನ್ನೊಂದರಲ್ಲಿ ರಕ್ತಹೀನೆ. 1963ರಲ್ಲಿ ರಕ್ತಶಾಸ್ತ್ರದ ಮಾನಕಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದನ್ನು ಐ.ಸಿ.ಎಸ್.ಎಚ್. ಎನ್ನುತ್ತಾರೆ. ಅದು ಮೊದಲು ಕೈ ಹಾಕಿದ ಕೆಲಸಗಳಲ್ಲಿ ಇದೂ ಒಂದು. 1967ರಲ್ಲಿ ಅದರ ಶಿಫಾರಸು ಪ್ರಕಟವಾಯಿತು: ಹಿಮೋಗ್ಲೋಬಿನ್ನನ್ನು ಒಂದೇ ರಾಸಾಯನಿಕ ವಿಧಾನದಿಂದ, ಒಂದೇ ಮೂಲ ದ್ರಾವಣಕ್ಕೆ ಹೋಲಿಸಿ ಅಳೆಯಬೇಕು. ಇವತ್ತು ಖಾನಾಪುರದಲ್ಲಿ ಬರೆದ 'ಹಿಮೋಗ್ಲೋಬಿನ್ 9 ಗ್ರಾಂ' ಬೆಳಗಾವಿಯಲ್ಲೂ 9, ಬೆಂಗಳೂರಿನಲ್ಲೂ 9 ಎಂದು ಓದಲು ಬರುವುದು ಅದರಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ ಎಂದಿತು. ಅಳತೆಗೋಲು ಒಂದಾಗಿರದಿದ್ದರೆ ಅಂಥ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ.

ಹಿಮೋಗ್ಲೋಬಿನ್ ಒಂದು ಸಂಖ್ಯೆ, ಯಂತ್ರಕ್ಕೆ ಒಪ್ಪಿಸಬಹುದು. ಕಣದ ಆಕಾರ ಮನುಷ್ಯನ ಕಣ್ಣಿನ ಮಾತು. ಅದಕ್ಕೇ ಅದು ಒಪ್ಪಂದಕ್ಕೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 2015ರಲ್ಲಿ ಅದೇ ಸಂಸ್ಥೆ ರಕ್ತಕಣಗಳ ಆಕಾರಕ್ಕೆ ಯಾವ ಹೆಸರು, ಎಷ್ಟಿದ್ದರೆ ಎಷ್ಟು ಗುರುತು ಎಂದು ಒಂದು ಶಿಫಾರಸು ಪಟ್ಟಿ ಹೊರಡಿಸಿತು. ಅದರ ಎರಡು ಮೂರು ತೀರ್ಮಾನ ಹೇಳುತ್ತೇನೆ.

ಮೊದಲನೆಯದು ಬ್ಯಾಂಡ್ ಕಣ. ನ್ಯೂಟ್ರೋಫಿಲ್ ಎಳೆಯದಿದ್ದಾಗ ಅದರ ನಡುವಿನ ಬೀಜ ಕುದುರೆಲಾಳದ ಹಾಗೆ ಒಂದೇ ಪಟ್ಟಿ. ಬಲಿತ ಮೇಲೆ ಆ ಪಟ್ಟಿ ಅಲ್ಲಲ್ಲಿ ಬಿಗಿದು, ದಾರದಲ್ಲಿ ಪೋಣಿಸಿದ ಮಣಿಯಂತಾಗುತ್ತದೆ. ಪಟ್ಟಿ ಎಷ್ಟು ಬಿಗಿದರೆ ದಾರ ಅನ್ನಬೇಕು? ಮೂರನೆಯ ಒಂದು ಪಾಲಿಗೆ ಇಳಿದರೆ ಸಾಕು ಎಂದರು ಕೆಲವರು. ಇಲ್ಲ, ನಿಜವಾಗಿಯೂ ನೂಲಿನೆಳೆ ಕಾಣಬೇಕು ಎಂದರು ಕೆಲವರು. ಒಂದೇ ಸ್ಲೈಡಿನಲ್ಲಿ ಒಬ್ಬರಿಗೆ ಮೂರು ಬ್ಯಾಂಡು ಕಂಡರೆ ಇನ್ನೊಬ್ಬರಿಗೆ ಹದಿಮೂರು. ಬ್ಯಾಂಡು ಹೆಚ್ಚಾದರೆ ಸೋಂಕು ಜೋರಿದೆ ಎಂದು ಡಾಕ್ಟರು ತಿಳಿಯುತ್ತಾರೆ. ಕೊನೆಗೆ ಸಂಸ್ಥೆ ಹೇಳಿತು: ಈ ಜಗಳ ಬಿಡಿ, ಬ್ಯಾಂಡನ್ನು ನ್ಯೂಟ್ರೋಫಿಲ್‌ನ ಲೆಕ್ಕದಲ್ಲೇ ಸೇರಿಸಿ, ತೀರ ಹೆಚ್ಚು ಕಂಡರೆ ಮಾತಿನಲ್ಲಿ ಬರೆಯಿರಿ. ಎಲ್ಲರ ಕಣ್ಣು ಒಪ್ಪದ ಗೆರೆಯನ್ನು ಎಳೆಯದೆ ಇರುವುದೂ ಒಂದು ಬಗೆಯ ಪ್ರಾಮಾಣಿಕತೆ.

ಎರಡನೆಯದು ಆ ಲೋಂಡಾದ ಹುಡುಗಿಯ ಕಣ. ಎಟಿಪಿಕಲ್ ಎಂಬ ಶಬ್ದವನ್ನು ಒಬ್ಬರು ವೈರಸ್ ಜ್ವರಕ್ಕೆ ಬಳಸುತ್ತಿದ್ದರು, ಇನ್ನೊಬ್ಬರು ಕ್ಯಾನ್ಸರಿನ ಸಂಶಯಕ್ಕೆ ಬಳಸುತ್ತಿದ್ದರು. ಪಟ್ಟಿ ಆ ಶಬ್ದವನ್ನು ಕೈಬಿಟ್ಟಿತು. ಸೋಂಕಿಗೆ ಎದುರು ನಿಂತ ಕಣಕ್ಕೆ ರಿಯಾಕ್ಟಿವ್ ಎನ್ನಿ. ಕ್ಯಾನ್ಸರಿನ ಸಂಶಯವಿದ್ದರೆ ಎಬ್‌ನಾರ್ಮಲ್ ಎಂದು ಬರೆದು ಏನು ಕಂಡಿತೆಂದು ವಿವರಿಸಿ. ಒಂದು ಶಬ್ದ ಎರಡು ಅರ್ಥ ಹೊತ್ತಿರಬಾರದು ಎನ್ನುವುದಷ್ಟೇ ಇದರ ತಿರುಳು.

ಮೂರನೆಯದು ಪ್ಲಸ್ ಗುರುತು. ರಿಪೋರ್ಟಿನಲ್ಲಿ 'ಟಾರ್ಗೆಟ್ ಸೆಲ್ ಎರಡು ಪ್ಲಸ್' ಎಂದು ನೋಡಿರುತ್ತೀರಿ. ಎರಡು ಎಂದರೆ ಎಷ್ಟು? ಮೊದಲು ಅದು ಬರೆಯುವವರ ಅಂದಾಜು. ಈಗ ಟಾರ್ಗೆಟ್ ಸೆಲ್ ಕೆಂಪು ಕಣಗಳಲ್ಲಿ ನೂರಕ್ಕೆ 5ರಿಂದ 20 ಇದ್ದರೆ ಎರಡು ಪ್ಲಸ್, 20 ದಾಟಿದರೆ ಮೂರು. ಮುರಿದ ಚೂರು ಕಣಗಳಿಗೆ ಮಾತ್ರ ಬೇರೆ ಲೆಕ್ಕ. ಅವು ನೂರಕ್ಕೆ ಎರಡನ್ನು ದಾಟಿದರೇ ಮೂರು ಪ್ಲಸ್. ಯಾಕೆಂದರೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಕೆಲವು ಭಯಂಕರ ಕಾಯಿಲೆಗಳಲ್ಲಿ ನೂರಕ್ಕೆ ಒಂದು ಚೂರು ಕಂಡರೂ ಡಾಕ್ಟರು ಓಡಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಕೇಳುಗರು ಗಂಟು ಕಟ್ಟಿಕೊಳ್ಳಬೇಕು. ಹೆಸರು ಒಂದಾದರೂ ಎಣಿಕೆ ತುಸು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ನಾವು ಎಣಿಸುವುದು ನೂರು ಬಿಳಿ ಕಣ. ಹತ್ತಿ ಮಾರಾಟಕ್ಕೆ ಹೋದಾಗ ವ್ಯಾಪಾರಿ ಅಂಡಿಗೆಯಿಂದ ಒಂದು ಹಿಡಿ ತೆಗೆದು ನೋಡಿದ ಹಾಗೆ. ನೂರರಲ್ಲಿ ಹತ್ತು ಇಯೋಸಿನೋಫಿಲ್ ಕಂಡವೆಂದರೆ ನಿಜದ ಲೆಕ್ಕ 4ರಿಂದ 18ರ ಒಳಗೆ ಎಲ್ಲಿಯೂ ಇರಬಹುದು. ಇದು ಸಂಖ್ಯಾಶಾಸ್ತ್ರದ ಗಣಿತ, ಯಾರ ಕೈತಪ್ಪೂ ಅಲ್ಲ. ನಿನ್ನೆ 6 ಇತ್ತು, ಇವತ್ತು 9 ಆಗಿದೆ ಎಂದು ಗಾಬರಿಯಾಗಿ ಮೂರನೆಯ ಲ್ಯಾಬಿಗೆ ಓಡಬೇಡಿ.

"ಈಗ ಮಶೀನ ಬಂದಾವಲ್ರೀ, ಕಣ್ಣಿಂದ ಯಾಕ ನೋಡತೀರಿ?" ಎಂದು ಕೇಳುವವರಿದ್ದಾರೆ. ಅಮೆರಿಕದ ವಾಲೇಸ್ ಕೂಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯವದು. ಸಣ್ಣ ತೂತಿನಲ್ಲಿ ಕಣಗಳನ್ನು ಒಂದೊಂದಾಗಿ ಹರಿಸಿ, ವಿದ್ಯುತ್ತಿಗೆ ಅವು ಒಡ್ಡುವ ತಡೆಯಿಂದ ಎಣಿಸುವುದು. ಸಾವಿರಾರು ಕಣಗಳನ್ನು ಕ್ಷಣದಲ್ಲಿ ಎಣಿಸುತ್ತದೆ, ಎಣಿಕೆಯಲ್ಲಿ ನಮ್ಮನ್ನು ಮೀರಿಸುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಗಾತ್ರ. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು, ರಕ್ತ ಹೆಪ್ಪುಗಟ್ಟದಿರಲೆಂದು ನಳಿಕೆಯಲ್ಲಿ ಹಾಕಿರುವ ಇ.ಡಿ.ಟಿ.ಎ. ಪುಡಿಗೆ ಸಿಕ್ಕಿ ಗುಂಪುಗೂಡುತ್ತವೆ. ಯಂತ್ರ ಆ ಗುಂಪನ್ನು ಬಿಟ್ಟು ಎಣಿಸಿ 'ಪ್ಲೇಟ್‌ಲೆಟ್ 30 ಸಾವಿರ' ಎನ್ನುತ್ತದೆ. ಸ್ಲೈಡು ನೋಡಿದರೆ ಗುಂಪು ಗುಂಪಾಗಿ ಲಕ್ಷಗಟ್ಟಲೆ ಕೂತಿರುತ್ತವೆ. ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ಬಿದ್ದಿದೆ ಎಂದು ಹೆದರಿ ಬಂದ ಎಷ್ಟೋ ಮಂದಿಯನ್ನು ಒಂದು ಸ್ಲೈಡು ಮನೆಗೆ ಕಳಿಸಿದೆ.

ಡೆಂಗ್ಯೂ ಎಂದಾಗ ನಮ್ಮ ಕಡೆಯ ದೊಡ್ಡ ತಪ್ಪೊಂದು ನೆನಪಾಗುತ್ತದೆ. ಅದು ಲ್ಯಾಬಿನದಲ್ಲ, ನಮ್ಮೆಲ್ಲರ ಬಾಯಿನದು. "ಬಿಳಿ ರಕ್ತಕಣ ಕಡಿಮಿ ಆಗ್ಯಾವ" ಎನ್ನುತ್ತೇವೆ. ಖಾನಾಪುರದ ಮರಾಠಿ ಮನೆಗಳಲ್ಲಿ 'ಪಾಂಢರ್‍ಯಾ ಪೇಶಿ' ಎನ್ನುತ್ತಾರೆ, ಅದೇ ಅರ್ಥ. ಹೇಳಬೇಕಾದದ್ದು ಪ್ಲೇಟ್‌ಲೆಟ್, ಹೇಳುವುದು ಬಿಳಿ ಕಣ. ಡೆಂಗ್ಯೂನಲ್ಲಿ ಮೊದಲು ಬಿಳಿ ಕಣವೂ ಇಳಿಯುತ್ತದೆ, ಆಮೇಲೆ ಪ್ಲೇಟ್‌ಲೆಟ್ ಇಳಿಯುತ್ತದೆ. ಎರಡರ ಅರ್ಥ ಬೇರೆ, ಎರಡರ ಎಚ್ಚರಿಕೆ ಬೇರೆ. ಫೋನಿನಲ್ಲಿ ಅಣ್ಣ ತಮ್ಮನಿಗೆ "ಬಿಳಿ ಕಣ 4 ಸಾವಿರ" ಎಂದ. ತಮ್ಮ ಅದನ್ನೇ ಪ್ಲೇಟ್‌ಲೆಟ್ ಎಂದುಕೊಂಡು ರಕ್ತ ಕೊಡುವವರನ್ನು ಗಾಡಿಯಲ್ಲಿ ತುಂಬಿಕೊಂಡು ಬಂದ. ಇಂಥದ್ದನ್ನು ಕಂಡಿದ್ದೇನೆ. ಪಠ್ಯಪುಸ್ತಕಗಳಲ್ಲಿ ಕಿರುತಟ್ಟೆ, ಕಿರುಬಿಲ್ಲೆ ಎಂಬ ಒಳ್ಳೆಯ ಕನ್ನಡ ಹೆಸರುಗಳಿವೆ. ಅವು ಬಾಯಿಗೆ ಬರಲಿ, ಸಂತೋಷ. ಬರುವವರೆಗೆ ಪ್ಲೇಟ್‌ಲೆಟ್ ಎಂದೇ ಹೇಳೋಣ. ತಪ್ಪಾದ ಕನ್ನಡಕ್ಕಿಂತ ಸರಿಯಾದ ಎರವಲು ಮೇಲು.

ಒಂದೇ ಹೆಸರು, ಒಂದೇ ಪದ್ಧತಿ ನಮ್ಮ ಹಳ್ಳಿಗಳಿಗೆ ಅಸಾಧ್ಯ ಎನ್ನುವವರಿಗೆ ನಾನು ಮಲೇರಿಯಾ ಸ್ಲೈಡನ್ನು ತೋರಿಸುತ್ತೇನೆ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂತು. ಹದಿನೈದು ದಿನಕ್ಕೊಮ್ಮೆ ಆರೋಗ್ಯ ಕಾರ್ಯಕರ್ತ ಮನೆ ಬಾಗಿಲಿಗೆ ಬಂದು "ಯಾರಿಗರ ಜ್ವರ ಬಂದಾವೇನ್ರೀ?" ಎಂದು ಕೇಳಿ, ಬೆರಳು ಚುಚ್ಚಿ ಸ್ಲೈಡು ಎಳೆಯುತ್ತಿದ್ದ. ಒಂದೇ ಗಾಜಿನ ಮೇಲೆ ಒಂದು ದಪ್ಪ ಚುಕ್ಕೆ, ಒಂದು ತೆಳು ಎಳೆ, ಪೆನ್ಸಿಲ್ಲಿನಿಂದ ನಂಬರು. ದೇಶಕ್ಕೆಲ್ಲ ಸಾಕಾಗುವಂತೆ ಅಗ್ಗದ ಜೆ.ಎಸ್.ಬಿ. ಬಣ್ಣವನ್ನು ನಮ್ಮವರೇ 1940ರ ದಶಕದಲ್ಲಿ ಮಾಡಿಕೊಂಡಿದ್ದರು. ಪಿ.ವಿ. ಎಂದರೆ ವೈವಾಕ್ಸ್, ಪಿ.ಎಫ್. ಎಂದರೆ ಫಾಲ್ಸಿಪೇರಮ್. ಲೋಂಡಾದ ಕಾಡಿನಲ್ಲಿ ಎಳೆದ ಸ್ಲೈಡಿಗೂ ಅಸ್ಸಾಮಿನ ತೋಟದಲ್ಲಿ ಎಳೆದ ಸ್ಲೈಡಿಗೂ ಅದೇ ಎರಡಕ್ಷರ. ಒಬ್ಬ ನೋಡಿದ ಸ್ಲೈಡನ್ನು ಮೇಲಿನ ಲ್ಯಾಬಿನವರು ಮತ್ತೆ ನೋಡಿ ತಾಳೆ ಹಾಕುತ್ತಿದ್ದರು. 1965ರ ಹೊತ್ತಿಗೆ ಪ್ರಕರಣ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆಮೇಲೆ ಮತ್ತೆ ಏರಿದ್ದು ಬೇರೆ ಕಥೆ. ಆದರೆ ಆ ತಾಳೆ ಹಾಕುವ ಪದ್ಧತಿಯೇ ಗುಟ್ಟು. ಮಲೇರಿಯಾದಲ್ಲಿ ಮಾಡಿದ್ದನ್ನು ರಕ್ತಕಣದಲ್ಲಿ ಯಾಕೆ ಮಾಡಬಾರದು?

ಈ ಕಡೆ ಅದಕ್ಕೆ ಬೇಕಾದ್ದೆಲ್ಲ ಇದೆ. ಬೆಳಗಾವಿಯಲ್ಲಿ 1963ರಿಂದ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ ಇದೆ, ಸರಕಾರದ ವೈದ್ಯಕೀಯ ಕಾಲೇಜಾದ ಬಿಮ್ಸ್ ಇದೆ, ಟೆಕ್ನೀಶಿಯನ್ ಕೋರ್ಸು ಓದಿ ಹೊರಬರುವ ಹುಡುಗ ಹುಡುಗಿಯರಿದ್ದಾರೆ. ಖಾನಾಪುರ ಬೆಳಗಾವಿಯಿಂದ 25–26 ಕಿಲೋಮೀಟರು. ಖಾನಾಪುರದ ಕುಂಬಾರರನ್ನು ಕೇಳಿ ನೋಡಿ. ಮಣ್ಣಿನ ಹದ, ಆವಿಗೆಯ ಬಣ್ಣ ಪುಸ್ತಕದಿಂದ ಬಂದಿದ್ದಲ್ಲ ಎನ್ನುತ್ತಾರೆ. ಬಲ್ಲವನ ಪಕ್ಕ ಕೂತು, ಅವನು ತೋರಿಸಿದ್ದನ್ನು ನೋಡಿ, ತಪ್ಪಿದಾಗ ಬೈಸಿಕೊಂಡು ಬಂದದ್ದು. ಸ್ಲೈಡೂ ಹಾಗೆಯೇ. ತಿಂಗಳಿಗೊಮ್ಮೆ ನಗರದ ಲ್ಯಾಬಿನಿಂದ ಐದು ಸ್ಲೈಡು ತಾಲೂಕಿನ ಎಲ್ಲ ಲ್ಯಾಬುಗಳಿಗೆ ಸುತ್ತಲಿ. ಎಲ್ಲರೂ ತಮ್ಮ ಉತ್ತರ ಬರೆದು ಕಳಿಸಲಿ, ಕೊನೆಗೆ ಸರಿ ಉತ್ತರ ಎಲ್ಲರ ಕೈಗೆ ಬರಲಿ. ಯಾರ ಹೆಸರೂ ಬೋರ್ಡಿಗೆ ಬೇಡ. ದಿಲ್ಲಿಯ ಏಮ್ಸ್ ಇಂಥ ಗುಣಮಟ್ಟದ ಕಾರ್ಯಕ್ರಮವನ್ನು ದೇಶದ ಲ್ಯಾಬುಗಳಿಗೆ ನಡೆಸುತ್ತದೆ. ಜಿಲ್ಲೆಯೊಳಗೆ ಅದರದೇ ಚಿಕ್ಕ ರೂಪ ಸಾಕು. ಕಣ್ಣು ಒಂದಾಗದೆ ಹೆಸರು ಒಂದಾಗುವುದಿಲ್ಲ.

ಲ್ಯಾಬಿನ ಗೆಳೆಯರಿಗೆ ಎರಡು ಮಾತು. ಗೊತ್ತಾಗದ ಕಣಕ್ಕೆ ಹೆಸರು ಕಟ್ಟಬೇಡಿ. ಏನು ಕಂಡಿತೋ ಅದನ್ನು ಬರೆಯಿರಿ: ದೊಡ್ಡದು, ನೀಲಿ ಅಂಚು, ಬೀಜ ದುಂಡಗೆ, ಹಿರಿಯರಿಗೆ ತೋರಿಸಬೇಕು ಎಂದು. ಮುಂದೆ ನೋಡುವವರು ನಿಮಗೆ ಋಣಿಯಾಗಿರುತ್ತಾರೆ. ಮತ್ತು ಸ್ಲೈಡನ್ನು ತೊಳೆದು ಹಾಕಬೇಡಿ. ಸಂಶಯದ ಸ್ಲೈಡು ಕನಿಷ್ಠ ಒಂದು ತಿಂಗಳು ಡಬ್ಬಿಯಲ್ಲಿರಲಿ.

ಮನೆಯವರಿಗೂ ಮೂರು ಮಾತು. ಹಳೆಯ ರಿಪೋರ್ಟುಗಳನ್ನು ಒಂದು ಚೀಲದಲ್ಲಿ ತಾರೀಖಿನ ಪ್ರಕಾರ ಇಡಿ. ಡಾಕ್ಟರಿಗೆ ಇವತ್ತಿನ ಅಂಕಿಗಿಂತ ಅದು ಯಾವ ಕಡೆ ಹೊರಟಿದೆ ಎಂಬುದು ಮುಖ್ಯ. ಎರಡು ಲ್ಯಾಬಿನ ಶಬ್ದ ಬೇರೆಯಾದರೆ ಮೊಬೈಲನ್ನು ಕೇಳಬೇಡಿ, ಬರೆದವರನ್ನು ಕೇಳಿ. "ಇದು ಅದೇ ಕಣವೇನ್ರೀ, ಬೇರೆನಾ?" ಎಂದು ಕೇಳುವುದು ನಿಮ್ಮ ಹಕ್ಕು. ಮತ್ತೆ ಡೆಂಗ್ಯೂ ಕಾಲದಲ್ಲಿ ಫೋನು ಮಾಡುವಾಗ 'ಬಿಳಿ ಕಣ' ಎನ್ನಬೇಡಿ, ಪ್ಲೇಟ್‌ಲೆಟ್ ಎನ್ನಿ, ಅಂಕಿಯ ಜೊತೆ ತಾರೀಖು ಹೇಳಿ.

ಆ ತಂದೆಗೆ ನಾನು ಅಂದು ಹೇಳಿದ್ದು ಇಷ್ಟೇ: "ರಗತ ಒಂದರೀ, ಬರದ ಕೈ ಎರಡ." ಆತ ನಗಲಿಲ್ಲ. ಎರಡೂ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, "ಹಂಗಾರ ಮುಂದಿನ ಸಲ ಒಂದ ಬರೀರಿ" ಎಂದ. ಅದನ್ನು ನಿಮಗೆ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ.